ಸ್ಟಾಪಿಗೊಂದು ಗುಟುಕು

ಹದಿನೇಳನೇ ನಂಬರ್ ಬಸ್ಸಿನ ಡ್ರೈವರಿಗೆ ಪ್ರಯಾಣಿಕರು ಇಟ್ಟ ಹೆಸರು ಗುಟುಕಯ್ಯ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುವ ಮುಂಚೆ ಬಾಟಲಿ ನೀರನ್ನು ಒಂದೇ ಉಸಿರಿಗೆ ಗಟಗಟನೆ ಇಳಿಸುತ್ತಿದ್ದ ಆಸಾಮಿ. ಈಗ ಹೊಟ್ಟೆ ಬಾಳೆಹಣ್ಣಿನಷ್ಟಾಗಿದೆ, ಎರಡು ಗುಟುಕು ಒಟ್ಟಿಗೆ ಹೋದರೆ ಮೂರು ವಾಪಸ್ ಬರುತ್ತವೆ. ಕುಡಿದರೆ ವಾಕರಿಕೆ, ಕುಡಿಯದಿದ್ದರೆ ತಲೆಸುತ್ತು. ಅತ್ತ ದರಿ, ಇತ್ತ ಪುಲಿ. ಅದಕ್ಕೇ ಆತ ತನಗೊಂದು ಕಾನೂನು ಮಾಡಿಕೊಂಡಿದ್ದಾನೆ: ಸ್ಟಾಪಿಗೊಂದು ಗುಟುಕು. ಬಸ್ಸು ನಿಂತು ಬಾಗಿಲು ತೆರೆದ ಮೇಲೆ ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ, ಔಷಧಿಯಂತೆ ನಿಧಾನವಾಗಿ ಇಳಿಸಬೇಕು. ಹತ್ತಲು ಇಳಿಯಲು ನರಪಿಳ್ಳೆಯೂ ಇಲ್ಲದ ಕಡೆಯೂ ಬಸ್ಸು ನಿಲ್ಲುತ್ತದೆ. "ಯಾರಿಗೋಸ್ಕರ ನಿಲ್ಸಿದ್ರಿ?" ಎಂದು ಗೊಣಗಿದವರಿಗೆ "ನಾನೂ ಪ್ಯಾಸೆಂಜರೇ ಕಣ್ರೀ" ಎನ್ನುತ್ತಾನೆ. ಯಾರಾದರೂ ಕರಿದ ತಿಂಡಿಯ ಪೊಟ್ಟಣ ಬಿಚ್ಚಿದರೆ ಮಾತ್ರ, ಎಣ್ಣೆ ವಾಸನೆಗೆ ವಾಕರಿಕೆ ಬಂದು, ಕಿಟಕಿಯಾಚೆ ಮೂಗು ಚಾಚಿ ಹತ್ತು ಉಸಿರು ಎಣಿಸಿಯೇ ಗೇರು ಹಾಕುವುದು. ಎಡವಟ್ಟಾಗಿದ್ದು ಈ ಕಾನೂನು ಬಂದ ಮೇಲಿನ ಮೊದಲ ರಜೆಯ ದಿನ. ಮನೆಯಲ್ಲಿ ಸ್ಟಾಪುಗಳೇ ಇಲ್ಲವಲ್ಲ! ಸಂಜೆಯವರೆಗೆ ತೊಟ್ಟು ನೀರೂ ಕುಡಿಯದೆ ಬಚ್ಚಲ ಬಾಗಿಲಲ್ಲಿ ಕುಸಿದ. ಅಂದಿನಿಂದ ರಜೆ ಬಂತೆಂದರೆ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಹಳೇ ಅಂಚೆಕಚೇರಿ!" ಒಂದು ಗುಟುಕು. ತುಸು ಹೊತ್ತಿಗೆ, "ಹೆರಿಗೆ ಆಸ್ಪತ್ರೆ!" ಇನ್ನೊಂದು. ಹೀಗೆ ಮೂವತ್ತೊಂದು ಸ್ಟಾಪೂ, ಕ್ರಮ ತಪ್ಪದೆ. "ಒಂದ್ ದಿನಾನೂ ನನ್ ಬಸ್ಸು ಹತ್ತಿದವಳಲ್ಲ, ಇದೆಲ್ಲ ಹೇಗೇ ಬಾಯಿಪಾಠ ಆಯ್ತು?" ಎಂದು ಆತ ಕೇಳಿದ. ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಮದುವೆಯಾದ ಹೊಸದ್ರಲ್ಲಿ ನೀವೇ ಹೇಳಿದ್ರಲ್ಲ. ದಿನಾ ಊಟಕ್ಕೆ ಕಾಯ್ತಾ, ಈಗ ಎಲ್ಲಿ ಬಂದಿರ್ತೀರಿ, ಈಗ ಎಲ್ಲಿ ಅಂತ ಎಣಿಸ್ತಿದ್ದೆ. ಹೂಂ, ನಮ್ಮನೆ ತಿರುವು ಬಂತು, ಕುಡೀರಿ."