ಎಂಟು ದಿನದ ತಡ

ಅಫಜಲಪುರದಲ್ಲಿ ನನ್ನದು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ತೊಗರಿಗೆ ಹುಳ ಬಿದ್ದಿದೆ ಎಂದು ಬಂದವರಿಗೆ ಔಷಧಿಗಿಂತ ಮೊದಲು ಉಪದೇಶ ಕೊಡುವ ಚಾಳಿ ನನಗೆ. "ಹೇಳಿದ ದಿನಕ್ಕ ಹೊಡೀರಿ. ತಡ ಮಾಡಿದ್ರ ಹುಳ ಗಟ್ಟಿ ಆಗ್ತದ, ಆಮ್ಯಾಲೆ ಯಾವುದಕ್ಕೂ ಬಗ್ಗಂಗಿಲ್ಲ." ಅದೇ ಬಾಯಿಂದ ಅವ್ವನಿಗೂ ಅಂದೆ.

ಅವ್ವನಿಗೆ ಅಂಡಾಶಯದ ಕ್ಯಾನ್ಸರ್. ಕಲಬುರಗಿಯಲ್ಲಿ ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ಕೀಮೋ ನಡೆದಿತ್ತು. ನಾಲ್ಕನೆಯದರ ದಿನವೇ ಎಳ್ಳಮಾವಾಸ್ಯೆ ಬಂತು. "ಹೊಲಕ್ಕ ಚರಗ ಚೆಲ್ಲದ ನಾ ಎಲ್ಲಿಗೂ ಬರಂಗಿಲ್ಲ" ಎಂದು ಹಟ ಹಿಡಿದಳು; ತಡ ಮಾಡಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೂದಲುದುರಿದ ತಲೆಗೆ ಸೆರಗು ಬಿಗಿದುಕೊಂಡು, ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಸಿಕೊಂಡು ಕರಜಗಿಯ ನಮ್ಮ ಹೊಲಕ್ಕೆ ಹೋಗಿ, ಪೈರಿಗೆ ಚರಗದ ಎಡೆ ಚೆಲ್ಲಿ ಉಣಿಸಿ ಬಂದಳು. ಮತ್ತೆ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿದ್ದು ಎಂಟು ದಿನಕ್ಕೆ. ಆದರೂ ಎಲ್ಲ ಮುಗಿದಾಗ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಓಣಿಗೆಲ್ಲ ಪೇಢೆ ಹಂಚಿದೆವು.

ಐದು ತಿಂಗಳಿಗೆ ಹೊಟ್ಟೆ ಮತ್ತೆ ಉಬ್ಬಿತು. ಹಳೆಯ ಔಷಧಿ ಇನ್ನು ನಾಟುವುದಿಲ್ಲ, ಬೇರೆ ಕೊಟ್ಟು ನೋಡೋಣ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ನಾಲಿಗೆಗೆ ಎಲುಬಿಲ್ಲ ನೋಡಿ, ಬಂದ ಬೀಗರ ಮುಂದೆಯೇ ಕೂಗಿದೆ: "ಹೋಗು, ಇನ್ನೊಮ್ಮೆ ಚರಗ ಚೆಲ್ಲು! ಎಂಟು ದಿನ ಬಿಟ್ಟಿ, ಗಡ್ಡಿ ಗಟ್ಟಿ ಆತು. ಕೈಯಾರೆ ತಂದ್ಕೊಂಡಿ." ಅವ್ವ ತಲೆ ತಗ್ಗಿಸಿದಳು. ಅಂದಿನಿಂದ ನೋಡಲು ಬಂದವರಿಗೆಲ್ಲ ಆಕೆಯದು ಒಂದೇ ಮಾತು: "ನಂದೇ ತಪ್ಪದರಿ."

ಒಂದು ದಿನ ಡಾಕ್ಟರಮ್ಮನ ಹತ್ತಿರವೂ ಇದನ್ನೇ ಹೇಳಿದೆ, ಹೌದೆನ್ನಲಿ ಎಂದು.

"ಅಲ್ಲರೀ, ಆ ಎಂಟು ದಿನದ ಮ್ಯಾಲೆ ಹಾಕಬ್ಯಾಡ್ರಿ" ಎಂದರು. "ಔಷಧಿಗೆ ಸಾಯದಂಥ ಕ್ಯಾನ್ಸರ್ ಕಣ ಕೆಲವು ಮೊದಲೇ ಇರ್ತಾವ. ಒಳಗ ಬಂದ ಔಷಧೀನ ಹೊರಗ ನೂಕ್ತಾವ, ಆದ ಗಾಯ ತಾವೇ ರಿಪೇರಿ ಮಾಡ್ಕೋತಾವ. ಬ್ಯಾರೇವು ಸತ್ತ ಮ್ಯಾಲೆ ಅವೇ ಬೆಳೀತಾವ. ಮೊದಲಿಗೆ ಸ್ಕ್ಯಾನಿಗೆ ಕಾಣೋಷ್ಟು ಇರಂಗಿಲ್ಲ, ಅಷ್ಟೇ."

ಥೂ ನನ್ನ! ಹೊಲದಲ್ಲೂ ಹಾಗೆಯೇ. ಸಾಯದೆ ಉಳಿದ ಹುಳವೇ ಸಂತಾನ ಬೆಳೆಸುತ್ತದೆ. ಗೊತ್ತಿದ್ದೂ ನನಗೆ ಬೈಯಲು ಒಬ್ಬರು ಬೇಕಾಗಿತ್ತು.

ಮನೆಗೆ ಬಂದು ಅವ್ವನ ಕಾಲ ಬಳಿ ಕೂತು ಎಲ್ಲ ಹೇಳಿ ಅತ್ತುಬಿಟ್ಟೆ. ಆಕೆ ನನ್ನ ಬೆನ್ನು ಸವರಿದಳು. "ಇರ್ಲಿ ಬಿಡಪ್ಪಾ. ನನ್ನ ಸಮಾಧಾನಕ್ಕ ಹೇಳಾಕತ್ತಿ." ಡಾಕ್ಟರಮ್ಮನಿಂದ ಫೋನ್ ಮಾಡಿಸಿದೆ. "ಅವರಿಗೂ ನೀನೇ ಹೇಳಿಕೊಟ್ಟಿ" ಎಂದು ನಕ್ಕಳು.

ತೀರಿಕೊಳ್ಳುವ ಎರಡು ದಿನ ಮೊದಲು ಅವ್ವ ನನ್ನ ಹೆಂಡತಿಯ ಕೈ ಹಿಡಿದು ಹೇಳಿದಳಂತೆ: "ಅವಗ ಯಾರೂ ಏನೂ ಅನಬ್ಯಾಡ್ರಿ. ಅವ ಮೊದಲೇ ಹೇಳಿದ್ದ, ನಾನೇ ಕೇಳಲಿಲ್ಲ."