ಒಂದು ಚುಕ್ಕೆ, ಎರಡು ಅಂಕ

ನಮ್ಮ ಲೆಕ್ಕದ ಮಾಸ್ತರರ ಧೋತರಕ್ಕೆ ಮೊಳಕಾಲಿನ ಜಾಗದಲ್ಲಿ ಎರಡು ಬಿಳಿ ಗುಂಡುಕಲೆ ಸದಾ ಇರುತ್ತಿದ್ದವು. ಶಹಾಬಾದಿನ ನಮ್ಮ ಶಾಲೆಯಲ್ಲಿ ಒಬ್ಬೊಬ್ಬ ಹುಡುಗನಿಗೆ ನೆಲದ ಒಂದೊಂದು ಫರಸಿ ಕಲ್ಲು. ಅದರ ಮೇಲೆಯೇ ಸೀಮೆಸುಣ್ಣದ ಖಡುವಿನಿಂದ, ಉರ್ದು ಅಂಕಿಗಳಲ್ಲಿ ಲೆಕ್ಕ. ಮಾಸ್ತರರು ಮೊಳಕಾಲೂರಿ ಕಲ್ಲಿನಿಂದ ಕಲ್ಲಿಗೆ ಸರಿಯುತ್ತ, ಮೊದಲು ಕೆಮ್ಮಿ, ಆಮೇಲೆ ಮೂಗಿನಿಂದ ಹೇಳುತ್ತಿದ್ದರು: "ತಡಿ. ಕೆಳಗಿಂದ ಮ್ಯಾಲೆ ಬಾ." ಉತ್ತರದಿಂದ ಪ್ರಶ್ನೆಯವರೆಗೆ ಹಿಂದಕ್ಕೆ ಏರಿ ಬಂದರೇ ಲೆಕ್ಕ ಮುಗಿದಂತೆ.

ಆ ಕೆಮ್ಮು, ಆ ಮೂಗು ಎರಡನ್ನೂ ನಾನು ಕದ್ದಿದ್ದೆ. ಊರಿನಲ್ಲಿ ನಾನು ಅಣಕಿಸದವರಿರಲಿಲ್ಲ. ಯಾರೂ ಸಿಗದ ದಿನ ನನ್ನ ನಡಿಗೆಯನ್ನೇ ಅಣಕಿಸಿಕೊಳ್ಳುತ್ತಿದ್ದೆ, ಬಾತುಕೋಳಿಗೆ ಅವಮಾನವಾಗುವಂತೆ. ಒಮ್ಮೆ ತರಗತಿಯೆಲ್ಲ ಹೊಟ್ಟೆ ಹಿಡಿದು ನಗುವಾಗ ಮಾಸ್ತರರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಕೆಮ್ಮು ಸಣ್ಣದಾತು. ಇನ್ನೊಮ್ಮಿ ಮಾಡು."

ಹೈದರಾಬಾದಿನ ಕಾಲೇಜಿನ ಪ್ರವೇಶ ಪರೀಕ್ಷೆಗೆ ನನ್ನನ್ನು ಕೂರಿಸಿದವರೂ ಅವರೇ. ನೂರಕ್ಕೆ ತೊಂಬತ್ತೆಂಟು ಬಂತು. ಓಡಿಹೋಗಿ ಹೇಳಿದೆ. ಅವರು ನಗಲಿಲ್ಲ.

"ಸಾಕಾಗ್ತದೇನ್ರಿ ಮಾಸ್ತರ್ರ?"

"ಗೊತ್ತಿಲ್ಲೋ ತಮ್ಮಾ. ಸೀಟು ಭಾಳ ಕಡಿಮಿ ಅವ. ಪೂರಾ ನೂರು ತಗೊಂಡವ್ರು ಎಷ್ಟ್ ಮಂದಿ ಅದಾರೋ. ಮುಂದ ಕುಂದ್ರಿಸಿ ಮಾತಾಡ್ಸಿ ತಗೋತಾರಂತ."

ಅವರ ಬಾಯಿಂದ 'ಗೊತ್ತಿಲ್ಲ' ಕೇಳಿದ್ದು ಅದೇ ಮೊದಲು. ಸೀಟು ತಪ್ಪಿದರೆ ಅಪ್ಪನ ಜೊತೆ ಕಲ್ಲುಗಣಿ. ಅಪ್ಪ ಉಸಿರಾಡಿದರೆ ಎದೆಯೊಳಗಿಂದ ಸುಂಯ್ ಎಂದು ಸದ್ದು ಬರುತ್ತಿತ್ತು. ಅದೊಂದನ್ನು ಮಾತ್ರ ನಾನು ಎಂದೂ ಅಣಕಿಸಿರಲಿಲ್ಲ.

ಆ ಮಾತುಕತೆಗೆ ಹೈದರಾಬಾದಿಗೆ ಮಾಸ್ತರರೇ ಕರೆದುಕೊಂಡು ಹೋದರು. ವಾಡಿಯಲ್ಲಿ ಗಾಡಿ ಬದಲಿಸಿದೆವು. ಚಿತ್ತಾಪುರ ಹೋಯಿತು, ಸೇಡಂ ಹೋಯಿತು.

"ಯಾಕಲೇ, ಟಿಕೀಟ್ ಬಾಬುನ್ನ ಅಣಕಿಸೋದಿಲ್ಲೇನ್ ಇವತ್ತ?" ಎಂದರು.

ಕಾಲೇಜಿನ ಕೋಣೆಯೊಳಗೆ ಮೂವರು ಹಿರಿಯರು. ನಡುವಿನವರು ನನ್ನ ಉತ್ತರಪತ್ರಿಕೆ ತೆರೆದು, ಐವತ್ತು ಇರಬೇಕಾದಲ್ಲಿ ಐದು ಏಕೆ ಎಂದು ಉರ್ದುವಿನಲ್ಲಿ ಕೇಳಿದರು. ಹೋದ ಎರಡು ಅಂಕ ಅವೇ. ಸಣ್ಣಂದಿನಿಂದ ಉರ್ದುವಿನಲ್ಲಿ ಲೆಕ್ಕ ಮಾಡಿದ ನನ್ನ ಕೈಗೆ ಸೊನ್ನೆ ಎಂದರೆ ಒಂದು ಚುಕ್ಕೆ. ಪರೀಕ್ಷೆಯಲ್ಲಿ ಬರೆಯಬೇಕಿದ್ದ ಇಂಗ್ಲಿಷ್ ಐದರ ಪಕ್ಕದಲ್ಲಿ ಗಡಿಬಿಡಿಯಲ್ಲಿ ಆ ಹಳೆಯ ಚುಕ್ಕೆಯನ್ನೇ ಇಟ್ಟು ಬಂದಿದ್ದೆ. ಇದನ್ನು ಹೇಳಬೇಕು, ನಾಲಿಗೆ ಒಣಗಿದೆ. ಊರವರ ದನಿಯನ್ನೆಲ್ಲ ತೆಗೆಯುವವನಿಗೆ ತನ್ನದೇ ಒಂದು ಸಿಗಲಿಲ್ಲ.

ಆಗ ನನ್ನ ಗಂಟಲಿನಿಂದ ಒಂದು ಕೆಮ್ಮು ಬಂತು. ನನ್ನದಲ್ಲ, ಮಾಸ್ತರರದು. ಅದರ ಹಿಂದೆಯೇ ಅವರ ಮೂಗಿನ ದನಿ, ಅವರದೇ ಮಾತು, ಉರ್ದುವಿನಲ್ಲಿ: ತಡೆಯಿರಿ, ಕೆಳಗಿಂದ ಮೇಲೆ ಬನ್ನಿ. ಕೊನೆಯ ಸಾಲಿನಿಂದ ಒಂದೊಂದೇ ಮೆಟ್ಟಿಲು ಅವರನ್ನು ಹತ್ತಿಸಿದೆ. ಐದು ಇಟ್ಟರೆ ಲೆಕ್ಕ ಮುರಿಯಿತು, ಐವತ್ತು ಇಟ್ಟರೆ ಕೂಡಿತು. ಹಿರಿಯರು ಕಾಗದವನ್ನು ಕಣ್ಣಿಗೆ ತಾಗಿಸಿ ನೋಡಿದರು. ಚುಕ್ಕೆ ಕಂಡಿತು.

ಹೊರಗೆ ಬಾಗಿಲಿಗೆ ಒರಗಿ ನಿಂತಿದ್ದ ಮಾಸ್ತರರಿಗೆ ಎಲ್ಲವೂ ಕೇಳಿಸಿತ್ತು.

"ಕೆಮ್ಮು ಈಗ ಬರೋಬ್ಬರಿ ಆಗ್ಯದ ನೋಡು," ಎಂದು ಕಣ್ಣೊರೆಸಿಕೊಂಡರು.

ಸೀಟು ಸಿಕ್ಕವರ ಪಟ್ಟಿಯ ಕಟ್ಟಕಡೆಯ ಹೆಸರು ನನ್ನದು.

ನನ್ನ ಕಾಲೇಜಿನ ಎರಡನೆಯ ವರ್ಷ ಮಾಸ್ತರರು ತೀರಿಹೋದರು. ಕಾಗದ ನನ್ನ ಕೈ ಸೇರುವಷ್ಟರಲ್ಲಿ ಮಣ್ಣೂ ಆಗಿತ್ತು. ಊರಿಗೆ ಹೋದಾಗ ಗೆಳೆಯರು ಈಗಲೂ, "ಮಾಸ್ತರ್ನ ಮಾಡಿ ತೋರ್ಸಲೇ," ಎಂದು ಕಾಡುತ್ತಾರೆ. ಬೇರೆ ಯಾರನ್ನಾದರೂ ಮಾಡಿ ತಪ್ಪಿಸಿಕೊಳ್ಳುತ್ತೇನೆ. ನಗಿಸಲಿಕ್ಕೆ ಆ ದನಿಯನ್ನು ಸವೆಸಿಬಿಟ್ಟು, ಮುಂದೆಂದೋ ನಾಲಿಗೆ ಒಣಗಿ ನಿಂತಾಗ ಅದು ಬಾರದೇ ಹೋದರೆ?