ಟಿಕೆಟಿನ ಪಟ್ಟಿ ಬರೆದವರು

ಕುಂದಾಪುರದ ಕೋಡಿಯಲ್ಲಿ ಬಲೆ ರಿಪೇರಿ ಮಾಡುವವರೊಬ್ಬರಿದ್ದರು, ಒಂಟಿ ಮನುಷ್ಯ. ನಮ್ಮೂರ ಫುಟ್‌ಬಾಲ್ ಟೀಮು ಪರವೂರಿಗೆ ಆಡಲು ಹೋದರೆ, ನೋಡಲು ಹೋಗುವ ಮಕ್ಕಳ ಟಿಕೆಟಿಗೆ ಓಡಾಡುವವರು ಅವರೇ. ಹೊರಗಿನಿಂದ ಬಂದವರಿಗೆ ಗೇಟಿನಲ್ಲಿ ಟಿಕೆಟ್ ಕೊಡುವುದಿಲ್ಲ. ವಾರ ಮೊದಲೇ ಟೀಮಿನ ಮೂಲಕ ಹೆಸರು ಕಳಿಸಬೇಕು, ಮಕ್ಕಳ ಜೊತೆಗೆ ದೊಡ್ಡವರೊಬ್ಬರ ಹೆಸರೂ ಇರಬೇಕು. ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ಅವರು ದಾರಿಯಲ್ಲಿ ಹೋಗುವ ಮಕ್ಕಳನ್ನು ಕರೆಯುತ್ತಿದ್ದರು: "ಹ್ವಾಯ್, ಹೆಸ್ರ್ ಬರ್ಸಿದ್ಯಾ?"

ಮಂಗಳೂರಿನ ಮ್ಯಾಚಿಗೆ ನನ್ನ ಮೊಮ್ಮಗಳ ಹೆಸರು ಬರೆದುಕೊಂಡರು. "ಹೆಣ್ಮಕ್ಳೂ ಇದ್ರ್, ನೀವೂ ಬನ್ನಿ ಅಕ್ಕಾ" ಎಂದು ನನ್ನದನ್ನೂ ಬರೆದರು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳ ಹೆಸರು ಪಟ್ಟಿಯಲ್ಲಿ! ಸಂತೋಷಕ್ಕೆ ನನಗೆ ಆ ದಿನ ಊಟವೇ ಸೇರಲಿಲ್ಲ.

ಅಲ್ಲಿ ಗೇಟಿನಲ್ಲಿ ಎಲ್ಲರ ಹೆಸರು ಕೂಗಿದರು, ಪಟ್ಟಿ ಬರೆದವರದ್ದನ್ನು ಮಾತ್ರ ಕೂಗಲಿಲ್ಲ. ಎಲ್ಲರದ್ದು ಬರೆಯುವ ಭರದಲ್ಲಿ ತಮ್ಮದನ್ನೇ ಬಿಟ್ಟಿದ್ದರು.

"ನಾ ಹೊರಗ್ ನಿಲ್ತೆ, ನೀವ್ ಒಳಗ್ ಹೋಯ್ನಿ" ಎಂದೆ.

"ನೀವ್ ಇಲ್ದಿರೆ ಮಕ್ಳನ್ನೂ ಬಿಡುದಿಲ್ಲೆ. ಹೋಯ್ನಿ, ಜೋರ್ ಕೂಗಿ. ನಂಗಿಲ್ಲಿವರೆಗೆ ಕೇಳ್ಕ್."

ಕೂಗಿದೆ, ಗಂಟಲು ಹರಿಯುವಷ್ಟು. ಗೆದ್ದೆವು! ಹೊರಗೆ ಬಂದಾಗ ಅವರು ನಾವು ಬಂದ ವ್ಯಾನಿನಲ್ಲಿ ಒಬ್ಬರೇ ಕುಳಿತಿದ್ದರು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಮ್ಯಾಚ್ ಸುರುವಿಂದ ಹೇಳ್ ಮಗಾ, ನಿಧಾನಕ್ಕೆ. ಕುಂದಾಪ್ರಕ್ಕೆ ಇನ್ನೂ ಎರಡ್ ಗಂಟಿ ದಾರಿ ಇತ್ತ್."

ಬ್ರಹ್ಮಾವರ ಬರುವಷ್ಟರಲ್ಲಿ, ಹೇಳುತ್ತಲೇ ಅವಳು ನಿದ್ದೆಹೋದಳು. ಎಲ್ಲ ಮಕ್ಕಳೂ ಮಲಗಿದ್ದರು. ಅವರು ಮೆಲ್ಲಗೆ ನನ್ನ ಕಡೆ ತಿರುಗಿದರು.

"ಮತ್ತೆಂತಾಯ್ತ್ ಅಕ್ಕಾ?"